ಹವಳದ ತೊಟ್ಟಿಗೆ ಕ್ಯಾಲ್ಸಿಯಂ: ಸುರಿಯುವ ಮೊದಲು ಅಳೆಯಿರಿ

ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಕ್ಲೌನ್ ಫಿಶ್ ಮತ್ತು ಡ್ಯಾಮ್ಸೆಲ್ ಜಾತಿಯ ಅಲಂಕಾರಿಕ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ತಿರುವನಂತಪುರದ ಪಕ್ಕದ ವಿಝಿಂಜಂನಲ್ಲಿರುವ ಅದರ ಕೇಂದ್ರವೂ ಈ ಕೆಲಸ ಮಾಡಿದೆ. ಕಡಲಿನಿಂದ ಹಿಡಿದು ತರದ ಮೀನನ್ನು ಮನೆಯಲ್ಲಿ ಸಾಕಲು ಸಾಧ್ಯವಾದದ್ದು ಒಳ್ಳೆಯ ಬೆಳವಣಿಗೆ. ಆದರೆ ಮೀನಿನ ಜೊತೆ ಒಂದೆರಡು ಹವಳವೂ ಇರಲಿ ಎಂದು ಆಸೆಪಟ್ಟ ಹೊಸಬರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಹೀಗಿರುತ್ತದೆ: ಹವಳದ ಮೈ ಸುಣ್ಣದ್ದು, ನೀರಿಗೆ ಕ್ಯಾಲ್ಸಿಯಂ ಹಾಕುತ್ತಿರಿ. ಮೊದಲ ಮಾತು ನಿಜ, ಅದರಿಂದ ಎಳೆದ ತೀರ್ಮಾನ ತಪ್ಪು. ಹವ್ಯಾಸದ ಮೊದಲ ವರ್ಷ ಕ್ಯಾಲ್ಸಿಯಂ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು, ಆ ಹಣಕ್ಕೆ ಕ್ಷಾರೀಯತೆ ಅಳೆಯುವ ಟೆಸ್ಟ್ ಕಿಟ್ ತರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಸಹಜ ಕಡಲ ನೀರಿನಲ್ಲಿ ಲೀಟರಿಗೆ ಹೆಚ್ಚುಕಡಿಮೆ 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. 100 ಲೀಟರಿನ ತೊಟ್ಟಿಯಲ್ಲಿ ಅದು 42 ಗ್ರಾಂ ಆಯಿತು. ಈ ಮಟ್ಟ 420ರಿಂದ 400ಕ್ಕೆ ಇಳಿಯಬೇಕಾದರೆ ತೊಟ್ಟಿಯ ಜೀವಿಗಳೆಲ್ಲ ಸೇರಿ 2 ಗ್ರಾಂ ಕ್ಯಾಲ್ಸಿಯಂ ಹೀರಿಕೊಂಡು 5 ಗ್ರಾಂ ಸುಣ್ಣಕಲ್ಲನ್ನು ಕಟ್ಟಿರಬೇಕು. ಬೆರಳ ತುದಿಯಷ್ಟಿರುವ ಒಂದೆರಡು ತುಣುಕುಗಳಿರುವ ಹೊಸ ತೊಟ್ಟಿಯಲ್ಲಿ ಇದು ವಾರದ ಮಾತಲ್ಲ, ತಿಂಗಳುಗಳ ಮಾತು. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಸುಣ್ಣಕಲ್ಲು ಆಗಲು ಕ್ಯಾಲ್ಸಿಯಂ ಒಂದೇ ಸಾಲದು, ಕಾರ್ಬೊನೇಟೂ ಬೇಕು. ಆ ದಾಸ್ತಾನನ್ನು ತೋರಿಸುವ ಅಳತೆಯೇ ಕ್ಷಾರೀಯತೆ. ಟೆಸ್ಟ್ ಕಿಟ್‌ಗಳು ಬಳಸುವ ಮಾನದಲ್ಲಿ ಕಡಲ ನೀರಿನ ಕ್ಷಾರೀಯತೆ ಸುಮಾರು 7 ಡಿಕೆಎಚ್. ಅದೇ 5 ಗ್ರಾಂ ಸುಣ್ಣಕಲ್ಲು ಕಟ್ಟುವಷ್ಟರಲ್ಲಿ ಇದರಲ್ಲಿ 2.8 ಖರ್ಚಾಗಿರುತ್ತದೆ. ಕ್ಯಾಲ್ಸಿಯಂ ನೂರಕ್ಕೆ 5ರಷ್ಟು ತಗ್ಗುವ ಹೊತ್ತಿಗೆ ಕ್ಷಾರೀಯತೆ ನೂರಕ್ಕೆ 40ರಷ್ಟು ತಗ್ಗಿದೆ! ಅಕ್ಕಿಯ ಮೂಟೆ ತುಂಬಿರುವಾಗಲೇ ಸೌದೆ ಮುಗಿದ ಮನೆಯ ಸ್ಥಿತಿ ಅದು. ಇನ್ನೊಂದು ಮೂಟೆ ಅಕ್ಕಿ ತಂದು ಹಾಕಿದರೆ ಅನ್ನವಾಗುವುದಿಲ್ಲ.

ಕ್ಯಾಲ್ಸಿಯಂ ಸ್ವಲ್ಪ ಹೆಚ್ಚಿದ್ದರೆ ಹವಳ ಇನ್ನೂ ಬೇಗ ಬೆಳೆದೀತಲ್ಲ ಎನ್ನುವವರಿದ್ದಾರೆ. ಇದನ್ನು ಪ್ರಯೋಗಕ್ಕೆ ಒಡ್ಡಿದ್ದಾರೆ. ಗತ್ತೂಸೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೀರಿನ ಕ್ಯಾಲ್ಸಿಯಂ ಪ್ರಮಾಣವನ್ನೇ ಬದಲಿಸಿ ಸ್ಟೈಲೊಫೋರಾ ಎಂಬ ಗಟ್ಟಿ ಹವಳ ಎಷ್ಟು ಸುಣ್ಣ ಕಟ್ಟುತ್ತದೆಂದು ನೋಡಿದರು. ಕಡಿಮೆ ಮಟ್ಟದಿಂದ ಸಹಜ ಕಡಲಿನ ಮಟ್ಟದತ್ತ ಏರಿಸಿದಂತೆ ಬೆಳವಣಿಗೆ ಮೂರು ಪಟ್ಟಿನ ಹತ್ತಿರಕ್ಕೆ ಏರಿತು. ಆಮೇಲೆ ಏರಿಕೆ ಸಮತಟ್ಟಾಯಿತು. ಕಡಲು ಕೊಡುವಷ್ಟು ಕೊಟ್ಟರೆ ಸಾಕು ಎಂದಾಯಿತು. ಮಿತಿಮೀರಿ ಸುರಿದರೆ ಲಾಭವಿಲ್ಲದಿರುವುದು ಮಾತ್ರವಲ್ಲ, ಹಾನಿಯೂ ಇದೆ. ಕಡಲ ನೀರು ಮೊದಲೇ ಸುಣ್ಣದಿಂದ ಅತಿಯಾಗಿ ತುಂಬಿದ ದ್ರಾವಣ. ಅಂದಾಜಿನ ಮೇಲೆ ಸುರಿಯುತ್ತ ಹೋದರೆ ಒಂದು ದಿನ ನೀರು ಹಾಲಿನಂತೆ ಬೆಳ್ಳಗಾಗಿ ಸುಣ್ಣ ತಳಕ್ಕಿಳಿಯುತ್ತದೆ, ಪಂಪು ಮತ್ತು ಹೀಟರಿನ ಮೇಲೆ ಗಟ್ಟಿಕಟ್ಟುತ್ತದೆ, ಹೋಗುವಾಗ ಕ್ಷಾರೀಯತೆಯನ್ನೂ ಎಳೆದುಕೊಂಡು ಹೋಗುತ್ತದೆ.

ಹೆಚ್ಚು ಕ್ಯಾಲ್ಸಿಯಂ ಬೇಡುವುದು ಗಟ್ಟಿ ಹವಳಗಳು. ಅವು ಹೊಸಬರ ತೊಟ್ಟಿಗೆ ಎಲ್ಲಿಂದ ಬರಬೇಕು? ದೇಶದ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ, ಕಪ್ಪು ಹವಳ ಮತ್ತು ಕಡಲ ಬೀಸಣಿಗೆಗಳ ಸಮೇತ, 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗೆ ಇರುವ ರಕ್ಷಣೆಯೇ ಅವುಗಳಿಗೂ ಇದೆ. ಕೊಚ್ಚಿಯಿಂದ ಹಡಗು ಹೊರಡುವ ಲಕ್ಷದ್ವೀಪದ ಹವಳ 1998, 2010 ಮತ್ತು 2016ರ ಬಿಸಿಗೆ ಬಿಳುಚಿ ಸೊರಗಿದೆ. 2024ರಲ್ಲಿ ಮತ್ತೆ ಬಿಳುಚಿದ್ದನ್ನು ಸಿಎಂಎಫ್‌ಆರ್‌ಐ ವಿಜ್ಞಾನಿಗಳೇ ದಾಖಲಿಸಿದರು. ಅಲ್ಲಿಂದಾಗಲಿ ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಮುರಿದು ತಂದ ಒಂದು ತುಂಡನ್ನೂ ಕೊಳ್ಳಬಾರದು. ಹೊರದೇಶದ ಗಟ್ಟಿ ಹವಳಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿ ಬೇಕು. ಹಾಗಾಗಿ ಹೊಸಬರು ಯೋಚಿಸಬಹುದಾದದ್ದು ಆ ಪಟ್ಟಿಯಲ್ಲಿಲ್ಲದ ಮೆದು ಹವಳ, ಜೊವಾಂಥಿಡ್‌ಗಳನ್ನು ಮಾತ್ರ, ಅದೂ ತೊಟ್ಟಿಯಲ್ಲೇ ಬೆಳೆಸಿದ ತುಣುಕುಗಳನ್ನು. ಮೆದು ಹವಳದ ಮೈಯೊಳಗೂ ಸುಣ್ಣದ ಸಣ್ಣ ಮುಳ್ಳುಗಳಿವೆ, ನಿಜ. ಅದಕ್ಕೆ ಬೇಕಾಗುವ ಪ್ರಮಾಣ ಬಹಳ ಕಡಿಮೆ. ಜೊವಾಂಥಿಡ್‌ಗೆ ಸುಣ್ಣದ ಅಸ್ಥಿಪಂಜರವೇ ಇಲ್ಲ.

ಕೊಚ್ಚಿಯವರ ಒಂದು ಆಕ್ಷೇಪ ಗಟ್ಟಿಯಾದದ್ದು. ಮಳೆಗಾಲದಲ್ಲಿ ವೇಂಬನಾಡು ಹಿನ್ನೀರಿನ ಸಿಹಿನೀರು ಅಳಿವೆಯಲ್ಲಿ ಕಡಲಿಗೆ ನುಗ್ಗುತ್ತದೆ. ಆಗ ದಡದಲ್ಲಿ ತುಂಬಿಕೊಂಡ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯೇ ಇರುತ್ತದೆ. ಉಪ್ಪಿನಂಶ ಸಾವಿರಕ್ಕೆ 35ರಿಂದ 30ಕ್ಕೆ ಇಳಿದರೆ ಕ್ಯಾಲ್ಸಿಯಂ 420ರಿಂದ 360ಕ್ಕೆ ಇಳಿಯುತ್ತದೆ. ಆದರೆ ಆ ನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಎಲ್ಲವೂ ಅದೇ ಪ್ರಮಾಣದಲ್ಲಿ ಇಳಿದಿರುತ್ತವೆ. ಕ್ಯಾಲ್ಸಿಯಂ ಒಂದನ್ನೇ ಮೇಲೆತ್ತಿದರೆ ಮೂಲ ಕೊರತೆ ಹಾಗೇ ಉಳಿಯುತ್ತದೆ. ಉಪ್ಪಿನಂಶ ಅಳೆದು, ಅಕ್ವೇರಿಯಂ ಉಪ್ಪು ಬೆರೆಸಿ ಸರಿಪಡಿಸಬೇಕು. ಇನ್ನೊಂದು ಮಾತು ಖರ್ಚಿನದು: ವಾರವಾರ ನೀರು ಬದಲಿಸಲು ಉಪ್ಪು ದುಬಾರಿ, ಬಾಟಲಿ ಅಗ್ಗ ಎನ್ನುತ್ತಾರೆ. 100 ಲೀಟರಿನ ತೊಟ್ಟಿಯಲ್ಲಿ 10 ಲೀಟರ್ ಬದಲಿಸಲು ಬೇಕಾಗುವ ಉಪ್ಪು 400 ಗ್ರಾಂಗಿಂತ ಕಡಿಮೆ. ಅದು ಕ್ಯಾಲ್ಸಿಯಂ, ಕ್ಷಾರೀಯತೆ, ಮೆಗ್ನೀಸಿಯಂ ಮೂರನ್ನೂ ಒಟ್ಟಿಗೆ ಕೊಡುತ್ತದೆ, ಹಳೆಯ ನೀರಿನ ನೈಟ್ರೇಟನ್ನೂ ಹೊರಹಾಕುತ್ತದೆ. ಬಾಟಲಿಯಿಂದ ಇದು ಆಗದು. ಇನ್ನು ತಳಕ್ಕೆ ಹಾಕಿದ ಚಿಪ್ಪಿನ ಮರಳೇ ಕರಗಿ ಕ್ಯಾಲ್ಸಿಯಂ ಕೊಡುತ್ತದೆ ಎಂಬ ನಂಬಿಕೆ: ಪಿಎಚ್ 8ರ ಮೇಲಿರುವ ನೀರಿನಲ್ಲಿ ಅದು ಹೇಳಿಕೊಳ್ಳುವಷ್ಟು ಕರಗುವುದಿಲ್ಲ.

ಕ್ಯಾಲ್ಸಿಯಂ ಎಂದಿಗೂ ಬೇಡ ಎನ್ನುತ್ತಿಲ್ಲ. ಗಾಜಿನ ಮೇಲೆ, ಕಲ್ಲಿನ ಮೇಲೆ ಗುಲಾಬಿ ಬಣ್ಣದ ಸುಣ್ಣಪಾಚಿ ದಟ್ಟವಾಗಿ ಹರಡಿ, ನೀರು ಬದಲಿಸಿದರೂ ಕ್ಷಾರೀಯತೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಆಗ ಹಾಕಲೇಬೇಕು, ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಜೊತೆಜೊತೆಗೆ ಸಮತೂಕದಲ್ಲಿ ಕೊಡುವ ರೀತಿಯಲ್ಲಿ. ಸುಣ್ಣದ ತಿಳಿನೀರು ಅಂಥದ್ದು. ಆದರೆ ಅದರ ಪಿಎಚ್ 12ನ್ನು ದಾಟಿರುತ್ತದೆ, ಆವಿಯಾದ ನೀರಿಗೆ ಬದಲಾಗಿ ಹನಿಹನಿಯಾಗಿಯೇ ಬೀಳಬೇಕು. ಎಲೆಯಡಿಕೆಯ ಸುಣ್ಣವಾಗಲಿ ಚಿಪ್ಪು ಸುಟ್ಟ ಸುಣ್ಣವಾಗಲಿ ಅದಕ್ಕೆ ಆಗುವುದಿಲ್ಲ, ಅವುಗಳ ಶುದ್ಧತೆಗೆ ಖಾತರಿಯಿಲ್ಲ. ಕೇರಳದ ಹವೆಯಲ್ಲಿ ಇನ್ನೊಂದು ತೊಡಕಿದೆ: ಮಾರ್ಚ್ ತಿಂಗಳಲ್ಲಿ ತೊಟ್ಟಿಯ ನೀರು ಬೇಗ ಆರುತ್ತದೆ, ಜುಲೈನ ತೇವದಲ್ಲಿ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಗೊತ್ತುಮಾಡಿಕೊಂಡ ಪ್ರಮಾಣ ಮಳೆಗಾಲಕ್ಕೆ ಹೊಂದುವುದಿಲ್ಲ. ಮುಂಗಾರು ಹಿಡಿದ ವಾರವೇ ಕ್ಷಾರೀಯತೆಯನ್ನು ಹೊಸದಾಗಿ ಅಳೆದು ಅದನ್ನು ತಿದ್ದಿಕೊಳ್ಳಬೇಕು.