ಬೆಟ್ಟದ ಸೈಕಲ್ಲಿಗೆ ಎಷ್ಟು ದುಡ್ಡು ಸಾಕು?

ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಈ ಮೂರೂ ಊರುಗಳಲ್ಲಿ ಕಾಡುಹಾದಿ ಮನೆಗೆ ಹತ್ತಿರ. ಪರ್ತ್‌ನ ಪೂರ್ವಕ್ಕೆ ಡಾರ್ಲಿಂಗ್ ದಿಬ್ಬಸಾಲು, ಅದರ ಮೇಲೆ ಕಾಲಮುಂಡದ ಸೈಕಲ್ ಹಾದಿಗಳು. ಬ್ರಿಸ್ಬೇನ್‌ನ ಪಶ್ಚಿಮದಲ್ಲಿ ಮೌಂಟ್ ಕೂಥಾ ಮತ್ತು ಗ್ಯಾಪ್ ಕ್ರೀಕ್, ದಕ್ಷಿಣದಲ್ಲಿ ಡೈಸಿ ಹಿಲ್. ಅಡಿಲೇಡ್‌ನ ಬೆನ್ನಿಗಂತೂ ಮೌಂಟ್ ಲಾಫ್ಟಿ ಬೆಟ್ಟಗಳೇ ಇವೆ. ಹಳೆಯ ಕಲ್ಲುಗಣಿಯ ಜಾಗದಲ್ಲಿ ಈಗಲ್ ಪಾರ್ಕ್, ಇನ್ನೂ ಒಳಗೆ ಹೋದರೆ ಫಾಕ್ಸ್ ಕ್ರೀಕ್. ಈ ಊರುಗಳಿಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ನಡುವಯಸ್ಸಿನ ಅನೇಕರು ಸೈಕಲ್ ಕಲಿತದ್ದು ಅಟ್ಲಾಸ್, ಹರ್ಕ್ಯುಲಿಸ್, ಹೀರೋ ಸೈಕಲ್ಲುಗಳ ಮೇಲೆ. ಕಾಲು ನಿಲುಕದ ವಯಸ್ಸಿನಲ್ಲಿ ಒಳಪೆಡಲು ಹೊಡೆದು ಕಲಿತು, ಓದು ಮುಗಿದು ಕೆಲಸ ಹಿಡಿಯುವ ಹೊತ್ತಿಗೆ ಬಿಟ್ಟವರು. ಅವರಿಗೆ ನಲವತ್ತರ ಆಚೆ ಮತ್ತೆ ಸೈಕಲ್ ಹತ್ತುವ ಮನಸ್ಸಾದಾಗ ಅಂಗಡಿಯಲ್ಲಿ ಕಾಣುವುದು ಇನ್ನೂರು ಡಾಲರಿನಿಂದ ಹತ್ತು ಸಾವಿರ ದಾಟುವವರೆಗಿನ ಬೆಲೆಗಳು. ಎಷ್ಟು ಕೊಟ್ಟರೆ ಸಾಕು, ಯಾವುದಕ್ಕೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರವಿದೆ ಎಂದೇ ನನ್ನ ನಂಬಿಕೆ. ಮರಳಿ ಬರುವವರಿಗೆ ಸಲ್ಲುವುದು ಮುಂದಿನ ಫೋರ್ಕಿಗೆ ಮಾತ್ರ ಸಸ್ಪೆನ್ಶನ್ ಇರುವ ಹಾರ್ಡ್‌ಟೇಲ್. ಅದರಲ್ಲೂ ದುಡ್ಡು ಮೊದಲು ಅಳತೆಗೆ, ಬ್ರೇಕಿಗೆ, ಹತ್ತುವ ಗೇರಿಗೆ, ಟೈರಿಗೆ ಹೋಗಬೇಕು. ಸಸ್ಪೆನ್ಶನ್ನಿನ ಸರದಿ ಅದಾದ ಮೇಲೆ.

ಈ ಅನುಕ್ರಮ ನನ್ನ ಇಷ್ಟಾನಿಷ್ಟದಿಂದ ಬಂದದ್ದಲ್ಲ, ಮೌಂಟನ್ ಬೈಕಿನ ಚರಿತ್ರೆಯೇ ಅದನ್ನು ಹೇಳುತ್ತದೆ. 1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ಗುಡ್ಡದ ಮಣ್ಣುದಾರಿಯಲ್ಲಿ ಕೆಳಮುಖದ ರೇಸು ಶುರುಮಾಡಿದಾಗ ಅವರ ಕೈಯಲ್ಲಿದ್ದದ್ದು ದಪ್ಪ ಟೈರಿನ ಹಳೆಯ ಸೈಕಲ್ಲುಗಳು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಚಕ್ರದ ನಡುವಿನ ಹಬ್ಬಿನೊಳಗೆ ಹಿಡಿಯುವ ಬ್ರೇಕು ಅವುಗಳದು. ಇಳಿಜಾರು ಮುಗಿಯುವಷ್ಟರಲ್ಲಿ ಆ ಹಬ್ಬು ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮುಂದಿನ ಸುತ್ತಿಗೆ ಮೊದಲು ಬಿಚ್ಚಿ ಹೊಸ ಗ್ರೀಸು ತುಂಬಬೇಕಿತ್ತು. ಅವರು ಮೊದಲು ತಲೆಕೆಡಿಸಿಕೊಂಡದ್ದು ಬ್ರೇಕಿನ ಬಗ್ಗೆ, ಮತ್ತೆ ಬೆಟ್ಟ ಹತ್ತಲು ಬೇಕಾದ ಗೇರುಗಳ ಬಗ್ಗೆ. ದೊಡ್ಡ ಪ್ರಮಾಣದಲ್ಲಿ ಮಾರಾಟವಾದ ಮೊದಲ ಮೌಂಟನ್ ಬೈಕು ಎನಿಸಿದ ಸ್ಟಂಪ್‌ಜಂಪರ್ 1981ರಲ್ಲಿ ಬಂದಾಗ ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ, ಸಸ್ಪೆನ್ಶನ್ನೇ ಇರಲಿಲ್ಲ. ರಾಕ್‌ಶಾಕ್ಸ್ ಕಂಪನಿಯ ಮೊದಲ ಫೋರ್ಕು ಬಂದದ್ದು 1989ರಲ್ಲಿ. ಹಿಂಬದಿಯ ಸಸ್ಪೆನ್ಶನ್ ಎಲ್ಲರ ಸೈಕಲ್ಲಿಗೆ ಇಳಿಯುವ ಹೊತ್ತಿಗೆ ಇನ್ನೂ ಎಷ್ಟೋ ವರ್ಷ ಕಳೆದಿತ್ತು. ನಿಲ್ಲಿಸುವುದು, ಹತ್ತುವುದು, ಅದಾದ ಮೇಲೆ ಮೆತ್ತಗೆ ಸಾಗುವುದು: ಬೆಟ್ಟ ಕೇಳಿದ್ದು ಈ ಕ್ರಮದಲ್ಲಿ. ಕಡಿಮೆ ದುಡ್ಡಿನಲ್ಲಿ ಕೊಳ್ಳುವವರು ಈ ಕ್ರಮ ಹಿಡಿದರೆ ಕೆಡುವುದಿಲ್ಲ.

ಸೂಪರ್‌ಮಾರ್ಕೆಟ್ಟಿನಂಥ ದೊಡ್ಡ ಅಂಗಡಿಗಳಲ್ಲಿ ಇನ್ನೂರು ಮುನ್ನೂರು ಡಾಲರಿಗೆ ಸಿಗುವ ಸೈಕಲ್ಲು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಮುಂದೆ ಹಿಂದೆ ಸ್ಪ್ರಿಂಗು, ಕಣ್ಣಿಗೆ ಹೊಡೆಯುವ ಬಣ್ಣ, ಇಪ್ಪತ್ತೊಂದು ಗೇರು. ಬ್ರೇಕಿಗೆ, ಹಬ್ಬಿಗೆ ಬಂದಾಗ ದುಡ್ಡು ಮುಗಿದಿರುತ್ತದೆ. ಇಂಥ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಸಾಮಾನ್ಯವಾಗಿ ಇರುವುದು ತಿರುಪಿನಿಂದ ಕೂರಿಸುವ ಫ್ರೀವೀಲು. ಅದರಲ್ಲಿ ಚೈನಿನ ಕಡೆಯ ಬೇರಿಂಗು ಒಳಕ್ಕೆ ಸರಿದಿರುವುದರಿಂದ ಆಕ್ಸಲಿನ ಒಂದು ತುದಿ ಆಸರೆಯಿಲ್ಲದೆ ಹೊರಚಾಚಿರುತ್ತದೆ. ಎಂಬತ್ತು ತೊಂಬತ್ತು ಕಿಲೋ ತೂಕದ ಮನುಷ್ಯ ಕಲ್ಲಿನ ಮೇಲಿಂದ ಇಳಿಸಿದರೆ ಅದು ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಕ್ಯಾಸೆಟ್ ಎಂಬ ಹಲ್ಲುಚಕ್ರಗಳ ಗೊಂಚಲು ಕೂರುವ ಫ್ರೀಹಬ್ಬಿನಲ್ಲಿ ಬೇರಿಂಗು ಅಂಚಿಗೆ ಬರುವುದರಿಂದ ಈ ಕಾಟವಿಲ್ಲ. ಫ್ರೀವೀಲೋ ಕ್ಯಾಸೆಟ್ಟೋ ಎಂಬ ಒಂದೇ ಪ್ರಶ್ನೆ ಕೇಳಿದರೂ ಅಂಗಡಿಯ ಅರ್ಧ ಸೈಕಲ್ಲುಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಬ್ರೇಕಿನ ವಿಷಯದಲ್ಲೂ ಹೀಗೆಯೇ. ತಂತಿ ಎಳೆಯುವ ಡಿಸ್ಕ್ ಬ್ರೇಕಿಗಿಂತ ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಬ್ರೇಕು ಮೇಲು: ಒಂದೇ ಬೆರಳಿಗೆ ಬಗ್ಗುತ್ತದೆ, ಉದ್ದ ಇಳಿಜಾರಿನಲ್ಲಿ ಅಂಗೈ ಸೋಲುವುದಿಲ್ಲ. ಎಷ್ಟೋ ವರ್ಷ ಹ್ಯಾಂಡಲ್ ಹಿಡಿಯದ ಕೈಗೆ ಇದು ಐಷಾರಾಮವಲ್ಲ.

ಗೇರಿನ ಮಾತು ಬಂದರೆ ಅಡಿಲೇಡನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು. ಸಮುದ್ರಮಟ್ಟದ ಊರಿನಿಂದ ಏಳುನೂರು ಮೀಟರ್ ದಾಟುವ ಮೌಂಟ್ ಲಾಫ್ಟಿಯ ತುದಿಗೆ ಹೆಚ್ಚು ದೂರವಿಲ್ಲ. ಅಂದರೆ ಏರು ತೀಕ್ಷ್ಣ. ಅಂಗಡಿಯವರು ಈಗ ಮುಂದೆ ಒಂದೇ ಹಲ್ಲುಚಕ್ರ ಇರುವ ಸೈಕಲ್ಲನ್ನು ಹೊಗಳುತ್ತಾರೆ. ಒಳ್ಳೆಯದೇ, ಆದರೆ ಹಲ್ಲು ಎಣಿಸದೆ ಒಪ್ಪಬಾರದು. ಮುಂದೆ 32 ಹಲ್ಲು, ಹಿಂದಿನ ದೊಡ್ಡ ಚಕ್ರದಲ್ಲಿ 51 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬಂದಾಗ ಚಕ್ರ ತಿರುಗುವುದು 0.63 ಸುತ್ತು. ಅದೇ 32 ಹಲ್ಲಿನ ಜೊತೆ ಹಿಂದೆ 34ಕ್ಕೇ ನಿಲ್ಲಿಸಿರುವ ಅಗ್ಗದ ಮಾದರಿಯಲ್ಲಿ ಅದು 0.94 ಸುತ್ತು; ಅದೇ ಏರಿಗೆ ಕಾಲು ಹೆಚ್ಚುಕಡಿಮೆ ಒಂದೂವರೆ ಪಟ್ಟು ಬಲ ಹಾಕಬೇಕು. ಹಳೆಯ ಕ್ರಮದ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಚಕ್ರಕ್ಕೆ 22 ಹಲ್ಲು, ಹಿಂದೆ 34 ಇದ್ದರೆ ಲೆಕ್ಕ 0.65ಕ್ಕೆ ಬರುತ್ತದೆ. ಮೂರು ಹಲ್ಲುಚಕ್ರದ ಹಳೆ ಮಾದರಿ ಎಂದು ಮೂಗು ಮುರಿಯುವ ಸೈಕಲ್ಲು ಬೆಟ್ಟ ಹತ್ತುವಲ್ಲಿ ಹೊಸತಕ್ಕೆ ಸಮ, ಹೊಸತೆಂದು ತೋರುವ ಇನ್ನೊಂದು ಅದಕ್ಕಿಂತ ಕಡೆ. ಗೇರುಗಳ ಒಟ್ಟು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಹಗುರ ಗೇರಿಗೆ ಇನ್ನೊಂದು ಕಾರಣವೂ ಇದೆ. ದಕ್ಷಿಣ ಏಷ್ಯಾದವರಲ್ಲಿ ಹೃದಯದ ಕಾಯಿಲೆ ಬೇರೆಯವರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆಂಬುದು ವೈದ್ಯರು ಒಪ್ಪಿದ ಮಾತು. ಬಹಳ ಕಾಲ ಕುಳಿತೇ ಕೆಲಸ ಮಾಡಿದ ದೇಹ ಏರಿನಲ್ಲಿ ಏದುಸಿರು ಬಿಡುವಾಗ ಹಗುರವಾದ ಗೇರು ಇರುವುದು ಆರೋಗ್ಯದ ಪ್ರಶ್ನೆಯೂ ಹೌದು. ಸೈಕಲ್ಲಿಗೆ ಮೊದಲು ಒಮ್ಮೆ ವೈದ್ಯರನ್ನು ಕಂಡು ಬರುವುದು ವಿವೇಕ.

ಪರ್ತ್‌ನ ನೆಲ ಬೇರೆಯದೇ ಪಾಠ ಹೇಳುತ್ತದೆ. ಡಾರ್ಲಿಂಗ್ ದಿಬ್ಬಸಾಲಿನ ಮೇಲಿರುವುದು ನಮ್ಮ ಕರಾವಳಿ, ಮಲೆನಾಡಿನವರು ಜಂಬಿಟ್ಟಿಗೆ, ಮುರಕಲ್ಲು ಎಂದು ಕರೆಯುವ ಜಾತಿಯದೇ ಕೆಂಪು ಕಲ್ಲು. ಅದು ಒಡೆದು ದುಂಡನೆಯ ಹರಳಾಗಿ, ಗಟ್ಟಿ ಅಂಗಳದಲ್ಲಿ ಕಡಲೆಕಾಳು ಚೆಲ್ಲಿದಂತೆ ಹಾದಿಯ ಮೇಲೆ ಹರಡಿರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಎಷ್ಟು ಇಂಚಿನ ಸಸ್ಪೆನ್ಶನ್ ಇದ್ದರೂ ಹಿಡಿಯಲಾರದು. ಹಿಡಿಯಬಲ್ಲದ್ದು ಅಗಲವಾದ, ಅಂಚಿನಲ್ಲಿ ದಪ್ಪ ಗುಬ್ಬಿಗಳಿರುವ, ಕಡಿಮೆ ಗಾಳಿಯ ಟೈರು. ಕಡಿಮೆ ಗಾಳಿ ಇಡಬೇಕಾದರೆ ಟ್ಯೂಬ್ ಇಲ್ಲದೆಯೂ ಓಡಬಲ್ಲ ರಿಮ್ ಬೇಕು; ಟ್ಯೂಬ್ ಇದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಪಂಕ್ಚರ್ ಆಗುತ್ತದೆ. ಇನ್ನೊಂದು ಕಾರಣವೂ ಉಂಟು. ನಮ್ಮ ನೆಗ್ಗಿಲು ಮುಳ್ಳಿನಂಥದೇ ಒಂದು ಮುಳ್ಳು ಅಲ್ಲಿದೆ. ಪರ್ತ್ ಕಡೆ ಡಬಲ್‌ಜೀ, ಅಡಿಲೇಡ್ ಕಡೆ ತ್ರೀ ಕಾರ್ನರ್ ಜ್ಯಾಕ್ ಎನ್ನುತ್ತಾರೆ. ಟ್ಯೂಬ್ ಬಿಟ್ಟು ಟೈರಿನೊಳಗೆ ಸೀಲೆಂಟ್ ಹಾಕಿಸಿದರೆ ಚಿಕ್ಕ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಹೊಸ ಟೈರು, ಸೀಲೆಂಟು ಎಲ್ಲ ಸೇರಿದರೂ ಇನ್ನೂರು ಡಾಲರ್ ಆಸುಪಾಸಿನ ಖರ್ಚು. ಅಷ್ಟೇ ದುಡ್ಡಿಗೆ ಇನ್ನೊಂದು ಮೆಟ್ಟಿಲು ಮೇಲಿನ ಮಾದರಿ ಕೊಂಡವರಿಗೆ ಈ ನೆಲದಲ್ಲಿ ಇದರಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ. ಟೈರಿನ ಬಗ್ಗೆಯೇ ಇನ್ನೊಂದು ಮಾತು ಹೇಳದೆ ಇರಲಾರೆ. ಪರ್ತ್‌ನ ಜರಾ ಮರದ ಕಾಡನ್ನು ಕೊಲ್ಲುತ್ತಿರುವ ಡೈಬ್ಯಾಕ್ ರೋಗ ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಬರುವುದು, ನಮ್ಮ ಅಡಿಕೆಯ ಕೊಳೆರೋಗವನ್ನು ತರುವ ಕುಲವೇ ಅದು. ಟೈರಿಗೆ ಅಂಟಿದ ಮಣ್ಣಿನಿಂದ ಅದು ಹಬ್ಬುತ್ತದೆ. ಕಾಡಿಗೆ ಇಳಿಯುವ ಮೊದಲೂ ಹೊರಬಂದ ಮೇಲೂ ಟೈರಿನ ಮಣ್ಣು ತೆಗೆಯಬೇಕು.

ಬ್ರಿಸ್ಬೇನ್‌ನಲ್ಲಿ ಬೇಸಿಗೆಯೇ ಮಳೆಗಾಲ. ತೇವ ಹೆಚ್ಚು, ಬೇರುಗಳ ಹಾದಿ, ಚೈನಿಗೂ ಬೇರಿಂಗಿಗೂ ತುಕ್ಕು. ಹಿಂಬದಿ ಸಸ್ಪೆನ್ಶನ್ ಇದ್ದರೆ ತೊಳೆದು, ಗ್ರೀಸು ಹಚ್ಚಿ, ಬದಲಿಸಬೇಕಾದ ಬೇರಿಂಗುಗಳು ಇನ್ನೂ ಹೆಚ್ಚು. ಅಲ್ಲಿ ಬೆಲೆಗಿಂತ ನಿರ್ವಹಣೆಯ ಲೆಕ್ಕ ಮುಖ್ಯ.

ಇಷ್ಟೆಲ್ಲಕ್ಕಿಂತ ಮೊದಲಿನದು ಅಳತೆ. ಮನೆಯಲ್ಲಿ ಇಬ್ಬರಿಗೂ ಆಗಲಿ, ಬೆಳೆಯುವ ಮಗನಿಗೂ ಆಗಲಿ ಎಂದು ಒಂದು ಸೈಜು ದೊಡ್ಡದು ಕೊಳ್ಳುವ ರೂಢಿ ಬಟ್ಟೆಗೆ ಸರಿ, ಬೆಟ್ಟದ ಸೈಕಲ್ಲಿಗಲ್ಲ. ಸೀಟಿನಿಂದ ಇಳಿದು ನಿಂತಾಗ ಮೇಲಿನ ಕೊಳವೆಗೂ ತೊಡೆಸಂದಿಗೂ ನಡುವೆ ಜಾಗವಿರಬೇಕು, ಹ್ಯಾಂಡಲ್ಲಿಗೆ ಕೈ ಚಾಚಿದಾಗ ಮೊಣಕೈ ತುಸು ಬಾಗಿರಬೇಕು. ಬ್ರೇಕು, ಟೈರು, ಗೇರುಗಳನ್ನು ಮುಂದೆ ಯಾವತ್ತಾದರೂ ಬದಲಿಸಬಹುದು, ಚೌಕಟ್ಟಿನ ಅಳತೆಯನ್ನು ಬದಲಿಸಲಾಗದು. ಒಬ್ಬರಿಗೆ ಒಂದು ಸರಿಯಾದ ಸೈಕಲ್ಲು, ಇಬ್ಬರಿಗೆ ಒಂದು ತಪ್ಪು ಸೈಕಲ್ಲಿಗಿಂತ ಅಗ್ಗ.

ವಯಸ್ಸಾದ ಬೆನ್ನಿಗೆ ಹಿಂಬದಿ ಸಸ್ಪೆನ್ಶನ್ ಬೇಡವೇ ಎಂದು ಕೇಳುವವರಿದ್ದಾರೆ. ಬೆನ್ನುನೋವು ಇರುವವರ ಈ ಮಾತನ್ನು ತಳ್ಳಿಹಾಕಲಾರೆ. ಅವರು ಎರಡೂವರೆ ಮೂರು ಸಾವಿರ ಡಾಲರ್ ಹಾಕಬಲ್ಲವರಾದರೆ ಅದು ಸರಿಯಾದ ಕೊಳ್ಳುವಿಕೆಯೇ. ಆದರೆ ಸಾವಿರ ಡಾಲರಿನೊಳಗೆ ಹಿಂಬದಿ ಸಸ್ಪೆನ್ಶನ್ ಕೊಡುವ ತಯಾರಕ ಅದರ ಹಣವನ್ನು ಬ್ರೇಕಿನಿಂದ, ಹಬ್ಬಿನಿಂದ, ಫೋರ್ಕಿನಿಂದ ಕಿತ್ತುಕೊಂಡಿರುತ್ತಾನೆ. ಜೊತೆಗೆ, ಮರಳಿ ಬಂದವರು ಮೊದಲ ವರ್ಷ ಓಡಿಸುವ ಹಾದಿಗಳು ಯಾವುವು? ಆಸ್ಟ್ರೇಲಿಯಾದ ಹಾದಿಗಳಿಗೆ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ ಎಂದು ಕಷ್ಟದ ಗುರುತುಗಳಿವೆ. ಹೊಸಬರ ಹೆಚ್ಚಿನ ಸಮಯ ಹೋಗುವುದು ಹಸಿರಿನಲ್ಲಿ, ಸುಲಭದ ನೀಲಿಯಲ್ಲಿ. ಈ ಮೂರು ಊರುಗಳಿರುವ ರಾಜ್ಯಗಳ ಹೆಸರಾಂತ ದೀರ್ಘ ಹಾದಿಗಳನ್ನೇ ನೋಡಿ. ಮುಂಡಾರಿಂಗ್‌ನಿಂದ ಆಲ್ಬನಿವರೆಗೆ ಸಾವಿರ ಕಿಲೋಮೀಟರ್ ದಾಟುವ, 2013ರಲ್ಲಿ ಪೂರ್ತಿಗೊಂಡ ಮುಂಡಾ ಬಿಡ್ಡಿ. ಅಡಿಲೇಡ್‌ನಿಂದ ಫ್ಲಿಂಡರ್ಸ್ ಬೆಟ್ಟಗಳ ಬ್ಲಿನ್ಮನ್‌ವರೆಗೆ ಸುಮಾರು ಒಂಬೈನೂರು ಕಿಲೋಮೀಟರಿನ ಮಾಸನ್ ಟ್ರೇಲ್. ಬ್ರಿಸ್ಬೇನ್ ಹತ್ತಿರದ ವುಲ್ಕುರಾಕದಿಂದ ಯಾರಮನ್‌ಗೆ ಹಳೆಯ ರೈಲುದಾರಿಯ ಮೇಲೆ ಹೋಗುವ 161 ಕಿಲೋಮೀಟರಿನ ಹಾದಿ. ಇವುಗಳಲ್ಲಿ ಯಾವುದಕ್ಕೂ ಹಿಂಬದಿ ಸಸ್ಪೆನ್ಶನ್ ಬೇಕಿಲ್ಲ. ಅಡಿಲೇಡ್‌ನ ಟಾರೆನ್ಸ್ ನದಿಯ ದಂಡೆ, ಬ್ರಿಸ್ಬೇನ್ ನದಿಯ ಅಂಚು ಇಷ್ಟೇ ಸಾಕು ಎನ್ನುವವರಿಗೆ ಮೌಂಟನ್ ಬೈಕೇ ಬೇಡ, ಸಾಧಾರಣ ಹೈಬ್ರಿಡ್ ಸೈಕಲ್ಲು ಹಗುರವಾಗಿಯೂ ಅಗ್ಗವಾಗಿಯೂ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಂಡರೆ ಅದೇ ದುಡ್ಡಿಗೆ ಎರಡು ಪಟ್ಟು ಒಳ್ಳೆಯದು ಬರುತ್ತದಲ್ಲ ಎಂಬುದು ಬಲವಾದ ಆಕ್ಷೇಪ. ಕೊರೊನಾದ 2020ರಲ್ಲಿ ಜಗತ್ತಿನೆಲ್ಲೆಡೆ ಸೈಕಲ್ಲಿಗೆ ಮುಗಿಬಿದ್ದರು. ಆಗ ಕೊಂಡು ಗ್ಯಾರೇಜಿನಲ್ಲೇ ಉಳಿದ ಸೈಕಲ್ಲುಗಳು ಈಗ ಮಾರಾಟಕ್ಕೆ ಬರುತ್ತಿವೆ. ನುರಿತ ಕಣ್ಣಿದ್ದರೆ ಇದೇ ಒಳ್ಳೆಯ ದಾರಿ. ಮರಳಿ ಬರುವವರಿಗೆ ಆ ಕಣ್ಣು ಇರುವುದು ಕಡಿಮೆ. ಫೋರ್ಕಿನ ನುಣುಪಾದ ಕಾಲಿನ ಮೇಲೆ ಗೀರು, ಹಿಗ್ಗಿದ ಚೈನು, ಸವೆದ ಕ್ಯಾಸೆಟ್ಟು, ಒಣಗಿದ ಸೀಲು ಇವೆಲ್ಲ ಸೇರಿದರೆ ಉಳಿಸಿದ ದುಡ್ಡು ಹೋದಂತೆ. 26 ಇಂಚಿನ ಚಕ್ರದ ಹಳೆಯ ಸೈಕಲ್ಲಾದರೆ ಒಳ್ಳೆಯ ಟೈರಿನ ಆಯ್ಕೆಯೂ ಕುಗ್ಗುತ್ತಿದೆ. ಅಂಗಡಿಯಲ್ಲಿ ಕೊಂಡ ಸೈಕಲ್ಲಿಗೆ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಭರವಸೆ ಉಂಟು, ಖಾಸಗಿಯಾಗಿ ಕೊಂಡದ್ದಕ್ಕೆ ಅಷ್ಟಿಲ್ಲ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಪರಿಚಯದ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ತೋರಿಸಿ ಕೊಳ್ಳಿ. ಎಲೆಕ್ಟ್ರಿಕ್ ಸೈಕಲ್ಲಿನ ವಾದವೂ ಇದೆ. ಮಂಡಿನೋವು, ಹೃದಯದ ತೊಂದರೆ ಇರುವವರಿಗೆ ಅದು ವರವೇ. ಆದರೆ ಒಳ್ಳೆಯದರ ಬೆಲೆ ಹಲವು ಪಟ್ಟು, ತೂಕ ಸಾಮಾನ್ಯವಾಗಿ ಇಪ್ಪತ್ತು ಕಿಲೋ ದಾಟುತ್ತದೆ. ಕಡಿಮೆ ದುಡ್ಡಿನ ಈ ಚರ್ಚೆಗೆ ಅದು ಸೇರುವುದಿಲ್ಲ.

ಕೈಯಲ್ಲಿ ಸಾವಿರದಿನ್ನೂರು ಡಾಲರ್ ಇದ್ದರೆ ಒಂಬೈನೂರರ ಸುತ್ತಿನ ಹಾರ್ಡ್‌ಟೇಲ್ ಹುಡುಕಿ: ನಿಮ್ಮ ಅಳತೆಯ ಚೌಕಟ್ಟು, ಹೈಡ್ರಾಲಿಕ್ ಬ್ರೇಕು, ಕ್ಯಾಸೆಟ್ ಹಬ್ಬು, 0.65ರ ಆಸುಪಾಸಿನ ಹಗುರ ಗೇರು. ಸ್ಪ್ರಿಂಗಿನ ಬದಲು ನಿಮ್ಮ ತೂಕಕ್ಕೆ ಹೊಂದಿಸಬಹುದಾದ ಗಾಳಿಯ ಫೋರ್ಕು ಸಿಕ್ಕರೆ ಲಾಭ, ಸಿಗದಿದ್ದರೆ ನಷ್ಟವಿಲ್ಲ. ಉಳಿದ ಮುನ್ನೂರನ್ನು ಟೈರಿಗೆ, ಪಂಪಿಗೆ, ಮೊದಲ ಸರ್ವೀಸಿಗೆ, ಹೆಲ್ಮೆಟ್ಟಿಗೆ ಇಡಿ. ಹೆಲ್ಮೆಟ್ ಈ ಮೂರೂ ಊರುಗಳಲ್ಲಿ ಕಾನೂನಿನ ಕಡ್ಡಾಯ.