ಸೂಜಿ ಚುಚ್ಚಿದರೂ ಅಳದ ಕೂಸನ್ನು ಗಮನಿಸಿ

ತಡಸ ಮತ್ತು ಸುತ್ತಲಿನ ಹಳ್ಳಿಗಳ ತಾಯಂದಿರೇ, ಹಿರಿಯರೇ,

ಲಸಿಕೆ ಹಾಕಿಸುವಾಗ ಮಗು ಅಳದಿದ್ದರೆ ‘ಭಾಳ ಗಟ್ಟಿ ಕೂಸು’ ಎಂದು ಹಿಗ್ಗುತ್ತೇವೆ. ಅದರ ಮೈ ಬೆವರುತ್ತದೆಯೇ, ಕಾರಣ ತಿಳಿಯದ ಜ್ವರ ಮತ್ತೆ ಮತ್ತೆ ಬರುತ್ತಿದೆಯೇ ಎಂದೂ ದಯವಿಟ್ಟು ನೋಡಿ. ಹಸಿವಿಗೆ ಅಳುವ ಮಗು ಗಾಯಕ್ಕೆ ಅಳದಿದ್ದರೆ, ಉರಿಬಿಸಿಲಲ್ಲೂ ಬೆವರದಿದ್ದರೆ, ಅದು ಹುಟ್ಟಿನಿಂದಲೇ ಬಂದ ಅಪರೂಪದ ನರರೋಗ ಇರಬಹುದು.

ನೋವು ತಿಳಿಸುವ, ಬೆವರು ಹರಿಸುವ ಸಣ್ಣ ನರಗಳು ಗರ್ಭದಲ್ಲಿ ಬದುಕಿ ಬೆಳೆಯಲು ಎನ್‌ಟಿಆರ್‌ಕೆ1 ಎಂಬ ಜೀನ್ ಸರಿಯಿರಬೇಕು. ಈ ರೋಗಕ್ಕೆ ಅದರ ದೋಷವೇ ಕಾರಣವೆಂದು 1996ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಬೇರುಸಹಿತ ಗುಣಪಡಿಸುವ ಔಷಧ ಇನ್ನೂ ಇಲ್ಲ.

ಹಲ್ಲು ಮೂಡಿದಾಗ ಇಂಥ ಮಗು ತನ್ನ ನಾಲಿಗೆ, ತುಟಿ, ಬೆರಳುಗಳನ್ನೇ ಕಚ್ಚಿ ಹುಣ್ಣು ಮಾಡಿಕೊಳ್ಳುತ್ತದೆ. ಮುರಿದ ಕಾಲಿನಲ್ಲೇ ಓಡಾಡುತ್ತದೆ. ಕಣ್ಣಿನ ಗಾಯವೂ ಗೊತ್ತಾಗುವುದಿಲ್ಲ. ಅದರ ಸುಟ್ಟ ಗಾಯ ನೋಡಿ ತಾಯಿಯನ್ನು ಬೈಯಬೇಡಿ. ಆಕೆ ಮೊದಲೇ ಬೆಂದಿದ್ದಾಳೆ. ಎಲ್ಲಕ್ಕಿಂತ ದೊಡ್ಡ ಅಪಾಯ ಸೆಕೆ. ಬೆವರದ ಮೈ ತನ್ನ ಕಾವನ್ನು ತಾನೇ ಇಳಿಸಿಕೊಳ್ಳಲಾರದು. ಈ ರೋಗವಿರುವ ಎಳೆಯ ಮಕ್ಕಳು ಜೀವ ಕಳೆದುಕೊಳ್ಳುವುದು ಹೆಚ್ಚಾಗಿ ಇದರಿಂದಲೇ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆ, ಬಿಗಿದು ಕಟ್ಟಿದ ಕುಂಚಿಗೆ ಇಂಥ ಕೂಸಿಗೆ ಬೇಡ. ಮೈ ಕಾದರೆ ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಬೀಸಿ, ತಡಮಾಡದೆ ವೈದ್ಯರ ಬಳಿ ಒಯ್ಯಿರಿ. ಬರೀ ಜ್ವರದ ಗುಳಿಗೆಯನ್ನು ನಂಬಿ ಕೂರಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ದೋಷವುಳ್ಳ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಈ ರೋಗ ತೋರುತ್ತದೆ. ಒಂದೇ ಮನೆತನದೊಳಗೆ ಮದುವೆಯಾದಾಗ ಆ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ದೋಷವಿದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಅಪಾಯ. ಇಂಥ ಮಗು ಹುಟ್ಟಿದ ಮನೆಯಲ್ಲಿ ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ. ಮುಂದಿನ ಬಸಿರಿಗೆ ಮುಂಚೆ ಗಂಡ ಹೆಂಡತಿ ಕೂಡಿ ತಳಿ ತಜ್ಞರನ್ನು ಕಾಣಬೇಕು.

ಕಿಮ್ಸ್ ಎಂದೇ ಹೆಸರಾಗಿದ್ದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ನಮಗೆ ದೂರವಲ್ಲ. ತಳಿ ಪರೀಕ್ಷೆಗೆ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರದ ದಾರಿ ಹುಬ್ಬಳ್ಳಿಯ ಆ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕೇಳಿ. ಯಾವುದೇ ಶಸ್ತ್ರಚಿಕಿತ್ಸೆ ಇದ್ದರೆ, ಅರಿವಳಿಕೆ ಕೊಡುವವರಿಗೆ ಈ ರೋಗದ ಸಂಗತಿ ಮೊದಲೇ ತಿಳಿಸಿ.

ಆಶಾ ಕಾರ್ಯಕರ್ತೆಯರೇ, ಅಂಗನವಾಡಿಯ ಅಕ್ಕಂದಿರೇ, ಇಂಥ ಮಗುವನ್ನು ಮೊದಲು ಕಾಣುವವರು ನೀವೇ. ಮುಂದಿನ ಲಸಿಕೆಯ ದಿನ ಅಂಥ ಕೂಸು ಕಣ್ಣಿಗೆ ಬಿದ್ದರೆ, ಹೆಸರು ಬರೆದುಕೊಂಡು ಅಂದೇ ವೈದ್ಯಾಧಿಕಾರಿಗೆ ತಿಳಿಸಿ.