ಮುದ್ದೆ ಇಳಿಯದ ದಿನಕ್ಕೆ ಮೊದಲು

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹಾಗಾಗಿ ಅನ್ನನಾಳದಲ್ಲಿ ತೊಡಕೇನಾದರೂ ಇದ್ದರೆ ಅದು ಮೊದಲು ಗೊತ್ತಾಗುವುದು ಮುದ್ದೆಯಿಂದಲೇ. “ಯಾಕೋ ಮುದ್ದೆ ಎದೆಯಲ್ಲೇ ನಿಂತ ಹಾಗಾಗುತ್ತೆ” ಎನ್ನುತ್ತಾರೆ ಮನೆಯ ಹಿರಿಯರು. ಕೆಲವು ದಿನಗಳಲ್ಲಿ ಮುದ್ದೆ ಬಿಟ್ಟು ಅನ್ನಕ್ಕೆ ಬರುತ್ತಾರೆ. ಆಮೇಲೆ ಅನ್ನವನ್ನು ಮೆತ್ತಗೆ ಬೇಯಿಸಿ ಎನ್ನುತ್ತಾರೆ. ಕೊನೆಗೆ ಗಂಜಿ. ಮನೆಯವರು ‘ಗ್ಯಾಸ್ಟ್ರಿಕ್ ಇರಬೇಕು’ ಎಂದುಕೊಂಡು ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಡುತ್ತಾರೆ.

ಇದೇ ತೊಂದರೆ ಮನೆಯ ಹೆಂಗಸಿಗೆ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಊಟಕ್ಕೆ ಕೂರುವವಳು ಎಷ್ಟು ಉಂಡಳು, ಏನು ಬಿಟ್ಟಳು ಎಂದು ನೋಡುವವರು ಯಾರು? ರವಿಕೆ ಸಡಿಲವಾದಾಗ ‘ಸಣ್ಣಗಾಗಿದ್ದೀಯಲ್ಲ’ ಎನ್ನುತ್ತೇವೆ, ಅಷ್ಟೇ.

ಗಟ್ಟಿ ಆಹಾರ ಇಳಿಯದಿರುವ ಹೊತ್ತಿಗೆ ಅನ್ನನಾಳದ ದಾರಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಕಿರಿದಾಗಿರುತ್ತದೆ. ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ಆರಂಭದಲ್ಲಿ ನೋವನ್ನೇ ಕೊಡದೆ ಇರಬಹುದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಕ್ಯಾನ್ಸರ್ ರೋಗಿಗಳನ್ನು ನೋಡುತ್ತಾ ಬಂದಿದೆ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ಪ್ರಕರಣಗಳ ಲೆಕ್ಕವನ್ನೂ ಇಡುತ್ತಿದೆ. ಅನ್ನನಾಳ ಮತ್ತು ಜಠರದ ಕ್ಯಾನ್ಸರ್‌ಗಳು ಆ ಪಟ್ಟಿಯ ಮುಂಚೂಣಿಯಲ್ಲಿವೆ.

ಕಣ್ಣಿಗೆ ಕಾಣದ್ದನ್ನು ಕಾಣುವ ಬಗೆ

ಎಂಡೋಸ್ಕೋಪಿ ಎಂದರೆ ತುದಿಯಲ್ಲಿ ಬೆಳಕು, ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಒಳಗಿನ ಪದರವನ್ನು ನೋಡುವುದು. ಅನುಮಾನ ಬಂದ ಕಡೆ ಪುಟ್ಟ ಚಿಮುಟದಿಂದ ಅಕ್ಕಿ ಕಾಳಿಗಿಂತಲೂ ಚಿಕ್ಕ ಚೂರು ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಇದೇ ಬಯಾಪ್ಸಿ. ವರದಿ ಬರಲು ಕೆಲವು ದಿನ ಬೇಕು. ಆದರೆ ಆರಂಭದ ಕ್ಯಾನ್ಸರ್ ಗಡ್ಡೆಯಂತೆ ಎದ್ದು ಕಾಣುವುದಿಲ್ಲ. ಒಂದಿಷ್ಟು ಕೆಂಪು, ಒಂದಿಷ್ಟು ತಗ್ಗು, ಅಷ್ಟೇ. ಚಿಮುಟ ಪಕ್ಕದ ಜಾಗದಿಂದ ಚೂರು ತೆಗೆದರೆ ರೋಗ ತಪ್ಪಿಹೋಗಬಹುದು.

ಇದಕ್ಕೆ ಪರಿಹಾರವಾಗಿ ಸೂಕ್ಷ್ಮದರ್ಶಕವನ್ನೇ ಹೊಟ್ಟೆಯೊಳಗೆ ಕಳಿಸುವ ವಿಧಾನ ಬಂದಿದೆ. ಹೆಸರು ಕಾನ್‌ಫೋಕಲ್ ಲೇಸರ್ ಎಂಡೋಮೈಕ್ರೋಸ್ಕೋಪಿ. 2004ರಲ್ಲಿ ಜರ್ಮನಿಯ ಮೈಂಝ್ ನಗರದ ವೈದ್ಯರು ದೊಡ್ಡ ಕರುಳಿನಲ್ಲಿ ಇದನ್ನು ಬಳಸಿದ ವರದಿ ಪ್ರಕಟಿಸಿದರು. ಅನಂತರ ಅನ್ನನಾಳ, ಜಠರಕ್ಕೂ ಬಳಕೆಯಾಯಿತು. ಮೊದಲು ರಕ್ತನಾಳಕ್ಕೆ ಫ್ಲೋರೆಸಿನ್ ಎಂಬ ಹಳದಿ ಬಣ್ಣದ ಚುಚ್ಚುಮದ್ದು ಕೊಡುತ್ತಾರೆ. ಬಳಿಕ ಎಂಡೋಸ್ಕೋಪಿನ ಕೊಳವೆಯೊಳಗಿಂದ ಸಣ್ಣ ತಂತಿಯಂಥ ಸಾಧನವನ್ನು ಇಳಿಸಿ, ಅದರ ತುದಿಯನ್ನು ಅನುಮಾನದ ಜಾಗಕ್ಕೆ ಮುಟ್ಟಿಸುತ್ತಾರೆ. ನೀಲಿ ಲೇಸರ್ ಬೆಳಕು ಬಿದ್ದಾಗ ಆ ಬಣ್ಣ ಹೊಳೆಯುತ್ತದೆ. ಒಂದೇ ಆಳದಿಂದ ಬರುವ ಬೆಳಕನ್ನು ಮಾತ್ರ ಆರಿಸಿಕೊಳ್ಳುವುದರಿಂದ, ಸುಮಾರು ಸಾವಿರ ಪಟ್ಟು ದೊಡ್ಡದಾದ ಜೀವಕೋಶಗಳ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಕೋಶಗಳ ಜೋಡಣೆ ಕೆಟ್ಟಿದೆಯೇ ಎಂಬುದು ಅಲ್ಲೇ ಕಾಣುತ್ತದೆ. ಬಯಾಪ್ಸಿ ಎಲ್ಲಿಂದ ತೆಗೆಯಬೇಕೆಂಬುದೂ ಸ್ಪಷ್ಟವಾಗುತ್ತದೆ. ಕೆಲವು ಗಂಟೆ ಮೈ ಮತ್ತು ಮೂತ್ರ ಹಳದಿಯಾಗಿರುತ್ತದೆ, ಗಾಬರಿ ಬೇಡ. ಅಲರ್ಜಿ ಇರುವವರು, ಗರ್ಭಿಣಿಯರು ಮೊದಲೇ ವೈದ್ಯರಿಗೆ ಹೇಳಬೇಕು.

ಇದಕ್ಕೂ ಮಿತಿಯಿದೆ. ಒಂದು ಸಲಕ್ಕೆ ಕಾಣುವುದು ಒಂದು ಮಿಲಿಮೀಟರಿಗೂ ಕಡಿಮೆ ಜಾಗ. ಆದ್ದರಿಂದ ಅನುಮಾನದ ಜಾಗವನ್ನು ಮೊದಲು ಸಾಮಾನ್ಯ ಎಂಡೋಸ್ಕೋಪಿಯಲ್ಲೇ ಗುರುತಿಸಬೇಕು. ಯಂತ್ರ ದುಬಾರಿ, ಚಿತ್ರ ಓದಲು ವಿಶೇಷ ತರಬೇತಿ ಬೇಕು. ದೊಡ್ಡ ನಗರಗಳ ಕೆಲವೇ ಕೇಂದ್ರಗಳಲ್ಲಿ ಇದು ಲಭ್ಯ. ಬಯಾಪ್ಸಿಯ ಅಗತ್ಯವೂ ತಪ್ಪಿಲ್ಲ.

ಹಾಗಾದರೆ ನಮಗೇನು ಪ್ರಯೋಜನ?

ಈ ಯಂತ್ರ ನಮ್ಮೂರಿಗೆ ಬರಲಿಲ್ಲವೆಂದು ಕೊರಗಬೇಕಾಗಿಲ್ಲ. ಅದು ಕಲಿಸುವ ಪಾಠ ಒಂದೇ: ರೋಗ ಮೇಲಿನ ಪದರದಲ್ಲಿದ್ದಾಗ ಸಿಕ್ಕರೆ, ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದಲೇ ಅದನ್ನು ಎಬ್ಬಿಸಿ ತೆಗೆಯಬಹುದು. ಜಪಾನಿನಲ್ಲಿ ಆರಂಭದಲ್ಲೇ ಪತ್ತೆಯಾದ ಜಠರ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ 5 ವರ್ಷಗಳ ಬಳಿಕವೂ ಬದುಕಿರುತ್ತಾರೆ. ಅತ್ಯುತ್ತಮ ಯಂತ್ರವೂ ತಡವಾಗಿ ಬಂದವರಿಗೆ ಇಷ್ಟು ನೆರವಾಗಲಾರದು. ಸಾಮಾನ್ಯ ಎಂಡೋಸ್ಕೋಪಿ ಶಿವಮೊಗ್ಗ, ಚಿಕ್ಕಮಗಳೂರಿನಲ್ಲೇ ಆಗುತ್ತದೆ. ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಿಗ್ಗೆ ಹೋದರೆ ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು.

ನುಂಗುವಾಗ ಅಡ್ಡಿ, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ರಕ್ತಹೀನತೆ, ಬಿಡದ ವಾಂತಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯುರಿ - ಇವುಗಳಲ್ಲಿ ಯಾವುದೇ ಇದ್ದರೂ ಮಾತ್ರೆ ನುಂಗಿ ಸುಮ್ಮನಿರಬೇಡಿ. ಮಾತ್ರೆ ಉರಿಯನ್ನು ತಗ್ಗಿಸಿ ರೋಗವನ್ನು ಮರೆಮಾಚಬಹುದು. ಹೊಟ್ಟೆಯುರಿ ಇದ್ದವರಿಗೆಲ್ಲ ಕ್ಯಾನ್ಸರ್ ಇರುತ್ತದೆಂದು ಭಾವಿಸಬೇಕಾಗಿಲ್ಲ. ಹೆಚ್ಚಿನವರಿಗೆ ಇರುವುದಿಲ್ಲ. ಆದರೆ ಅದನ್ನು ಹೇಳಬೇಕಾದವರು ವೈದ್ಯರು.

ಇನ್ನೊಂದು ಮಾತು. ನಮ್ಮ ತೋಟಗಳ ಅಡಿಕೆ ಅನೇಕ ಮನೆಗಳ ಅನ್ನ. ಬೆಳೆಯುವುದು ಬೇರೆ, ಅಗಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿದೆ. ಎಲೆಅಡಿಕೆಯಿಂದ, ತಂಬಾಕು ಬೆರೆಸದಿದ್ದರೂ, ಬಾಯಿಗಷ್ಟೇ ಅಲ್ಲ, ಅನ್ನನಾಳಕ್ಕೂ ಅಪಾಯ. 65 ಡಿಗ್ರಿಗೂ ಹೆಚ್ಚು ಬಿಸಿಯ ಚಹಾವನ್ನೂ 2016ರಲ್ಲಿ ಸಂಶಯದ ಪಟ್ಟಿಗೆ ಸೇರಿಸಿದೆ. ಬೀಡಿ, ಸಿಗರೇಟು, ಗುಟ್ಕಾದ ಬಗ್ಗೆ ಹೇಳಬೇಕಾಗಿಲ್ಲ. ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದ್ದರೆ, ವೈದ್ಯರು ಕೊಟ್ಟ ಔಷಧವನ್ನು ಪೂರ್ತಿ ಮುಗಿಸಬೇಕು.

ಇಂದು ರಾತ್ರಿ ಊಟಕ್ಕೆ ಎಲ್ಲರೂ ಜೊತೆಯಾಗಿ ಕುಳಿತುಕೊಳ್ಳಿ. ಮನೆಯ ಹಿರಿಯರು ಹೇಗೆ ಉಣ್ಣುತ್ತಿದ್ದಾರೆ, ಅಡುಗೆ ಮಾಡಿದವಳು ಏನು ಉಣ್ಣುತ್ತಿದ್ದಾಳೆ, ಸ್ವಲ್ಪ ಗಮನಿಸಿ. ಅಲ್ಲಿ ಕಂಡ ಸಣ್ಣ ಬದಲಾವಣೆಯನ್ನು ವೈದ್ಯರಿಗೆ ಬೇಗ ತಿಳಿಸಿದರೆ, ಒಂದು ಜೀವ ಉಳಿಯಬಹುದು.